ಫರ್ನಾಂಡಿನಾದ ಬೆಂಕಿ, ಬೊಲಿವಾರ್ ಜಲಸಂಧಿಯ ನೀರು

ಗಲಪಗೋಸ್‌ಗೆ ಹೋಗುವ ಹಡಗಿನಲ್ಲಿ ಜಾಗ ಕಾದಿರಿಸಿ, ಹಣ ಕಟ್ಟಿ, ರಜೆ ಮಂಜೂರಾದ ಮೇಲೆ ಸುದ್ದಿ ಬಂತು. 2024ರ ಮಾರ್ಚ್ 2ರ ನಡುರಾತ್ರಿಗೆ ತುಸು ಮುಂಚೆ ಫರ್ನಾಂಡಿನಾ ದ್ವೀಪದ ಲಾ ಕುಂಬ್ರೆ ಜ್ವಾಲಾಮುಖಿ ಬಿರುಕು ಬಿಟ್ಟು ಲಾವಾ ಉಕ್ಕಿಸತೊಡಗಿದೆ ಎಂದು. ನಮ್ಮ ಪ್ರವಾಸದ ಪಟ್ಟಿಯಲ್ಲಿ ಆ ದ್ವೀಪಕ್ಕೇ ಒಂದು ಪೂರ್ತಿ ದಿನ ಮೀಸಲಾಗಿತ್ತು. ಹ್ಯೂಸ್ಟನ್‌ನಲ್ಲಿರುವ ಅಕ್ಕ ಗಾಬರಿಯಿಂದ ಫೋನ್ ಮಾಡಿದಳು. "ಬೆಂಕಿ ಉಗುಳುವ ಬೆಟ್ಟದ ಬುಡಕ್ಕೆ ಹೋಗುವುದು ಬೇಡ ತಂಗಿ, ದಿನ ಬದಲಿಸೋಣ" ಎಂದಳು. ಹಿಂದಿನಿಂದ ಅವಳ ಗಂಡ, ನಮ್ಮ ಮಾಮಾನವರ ದನಿ ಕೇಳಿಸಿತು: "ಭೂಗೋಳ ಕಲಿಸುವವಳಿಗೆ ಇದಕ್ಕಿಂತ ಒಳ್ಳೆಯ ದಿನ ಯಾವುದು ಸಿಗುತ್ತದೆ? ಅವಳನ್ನೇ ಕೇಳು." ನಾನು ಹೋಗೋಣ ಎಂದೆ.

ನಾನು ವಿಜಯಪುರದವಳು. ನಮ್ಮ ಊರಿನ ಎರೆಮಣ್ಣು, ಗೋಳಗುಮ್ಮಟದ ಕರಿಕಲ್ಲು, ಬಾವಿ ತೋಡುವಾಗ ಹಾರೆಗೆ ತಗಲುವ ಕಪ್ಪು ಬಂಡೆ ಎಲ್ಲವೂ ಒಂದು ಕಾಲದಲ್ಲಿ ಹರಿದ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಪದರದ ಮೇಲೆ ಪದರವಾಗಿ ಹರಡಿದ ಶಿಲಾರಸವೇ ಉತ್ತರ ಕರ್ನಾಟಕದ ಈ ಬಯಲು. ತರಗತಿಯಲ್ಲಿ ಇದನ್ನು ವರ್ಷವೂ ಹೇಳುತ್ತೇನೆ. ಹೇಳುವಾಗ ಮಕ್ಕಳ ಕಣ್ಣಲ್ಲಿ ನಂಬಿಕೆ ಮೂಡುವುದಿಲ್ಲ, ಏಕೆಂದರೆ ಜೋಳ ಬೆಳೆಯುವ ಹೊಲದಲ್ಲಿ ನಿಂತು ಬೆಂಕಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಆ ಕಲ್ಲು ಹುಟ್ಟುವ ಬಗೆಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ನನ್ನ ಬಹುಕಾಲದ ಆಸೆ. ಅಕ್ಕ ತನ್ನ ಅರವತ್ತನೆಯ ಹುಟ್ಟುಹಬ್ಬದ ನೆಪದಲ್ಲಿ ಅದನ್ನು ನಡೆಸಿಕೊಟ್ಟಳು.

ಗಲಪಗೋಸ್ ದ್ವೀಪಗಳು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದವು. ಅದರ ತೀರದಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕೆ, ಶಾಂತ ಸಾಗರದ ನಡುವೆ, ಸಮಭಾಜಕ ರೇಖೆಯ ಮೇಲೇ ಇವೆ. ಗುವಾಯಾಕಿಲ್‌ನಿಂದ ವಿಮಾನ ಹತ್ತುವ ಮೊದಲೇ ಸಾಮಾನುಗಳನ್ನು ಜೈವಿಕ ತಪಾಸಣೆಗೆ ಒಡ್ಡಬೇಕು. ಹಣ್ಣು, ಬೀಜ, ಮಣ್ಣು ಮೆತ್ತಿದ ಬೂಟು ಯಾವುದೂ ಒಳಗೆ ಹೋಗಬಾರದು. ಅಕ್ಕ ಪ್ರೀತಿಯಿಂದ ಕಟ್ಟಿ ತಂದಿದ್ದ ಶೇಂಗಾ ಹಿಂಡಿಯ ಡಬ್ಬಿಯನ್ನು ನಾವಾಗಿಯೇ ಹೋಟೆಲಿನಲ್ಲಿ ಬಿಟ್ಟೆವು. ಇಳಿದ ಮೇಲೆ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಕಟ್ಟಬೇಕು. ಆಗ ವಿದೇಶಿಯರಿಗೆ ಅದು 100 ಡಾಲರ್ ಇತ್ತು. ಅದೇ ವರ್ಷದ ಆಗಸ್ಟ್ 1ರಿಂದ 200 ಡಾಲರ್ ಆಯಿತು. ಹೆಚ್ಚಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕಾಯುವ ಕೆಲಸ ಎಷ್ಟಿದೆ ಎಂಬುದನ್ನು ನೋಡಿ ಬಂದವರಾರೂ ಆ ಹಣಕ್ಕೆ ಮುಖ ಸಿಂಡರಿಸಲಾರರು.

ನಮ್ಮದು ಹದಿನಾರು ಪ್ರಯಾಣಿಕರ ಸಣ್ಣ ಹಡಗು. ಹದಿನಾರು ಜನಕ್ಕೆ ಒಬ್ಬ ಅಧಿಕೃತ ಗೈಡ್ ಇರಲೇಬೇಕೆಂಬುದು ಉದ್ಯಾನದ ನಿಯಮ. ಅವರಿಲ್ಲದೆ ಯಾರೂ ದಡಕ್ಕೆ ಕಾಲಿಡುವಂತಿಲ್ಲ. ನಮ್ಮ ಗೈಡ್ ಇಸಬೆಲಾ ದ್ವೀಪದ ಪ್ವೆರ್ತೊ ವಿಯಾಮಿಲ್ ಊರಿನಲ್ಲಿ ಹುಟ್ಟಿ ಬೆಳೆದ ಮಹಿಳೆ. ಫರ್ನಾಂಡಿನಾಕ್ಕೆ ಹೋಗುವ ಹಿಂದಿನ ಸಂಜೆ ನಕ್ಷೆ ಹರಡಿಕೊಂಡು ವಿವರಿಸಿದರು. ಲಾವಾ ಹರಿಯುತ್ತಿರುವುದು ಬೆಟ್ಟದ ಆಗ್ನೇಯ ಇಳಿಜಾರಿನಲ್ಲಿ. ನಾವು ಇಳಿಯುವ ಪುಂತಾ ಎಸ್ಪಿನೋಸಾ ಇರುವುದು ದ್ವೀಪದ ಈಶಾನ್ಯ ಮೂಲೆಯಲ್ಲಿ. ದ್ವೀಪದಲ್ಲಿ ಪ್ರವಾಸಿಗರಿಗೆ ತೆರೆದಿರುವ ದಡ ಅದೊಂದೇ, ಇಳಿಯಲು ಅನುಮತಿ ಇದೆ. ಅಕ್ಕ ಕೈಯೆತ್ತಿ, ನಿಮಗೆ ಹೆದರಿಕೆ ಇಲ್ಲವೇ ಎಂದು ಕೇಳಿದಳು. ಅವರು ನಕ್ಷೆಯ ಮೇಲೆ ಬೆಟ್ಟವನ್ನು ಬಿಟ್ಟು ಕಡಲಿನ ಮೇಲೆ ಬೆರಳಿಟ್ಟರು. "ಬೆಟ್ಟದ ಚಿಂತೆ ನನಗಿಲ್ಲ. ಈ ನೀರಿನ ಚಿಂತೆ ಇದೆ. ನೀರು ಬಹಳ ಬಿಸಿಯಾಗಿದೆ."

ಆ ಮಾತು ಆಗ ನನಗೆ ಪೂರ್ತಿ ಎಟುಕಲಿಲ್ಲ. ಮರುದಿನ ಹೊತ್ತು ಮುಳುಗುವುದರೊಳಗೆ ಅದೊಂದೇ ಮಾತು ತಲೆಯಲ್ಲಿ ಉಳಿದಿತ್ತು.

ಬೆಳಿಗ್ಗೆ ಐದೂವರೆಗೆ ಎಚ್ಚರಿಸಿದರು. ಮೇಲ್ಚಾವಣಿಗೆ ಬಂದರೆ ಎದುರಿಗೆ ಫರ್ನಾಂಡಿನಾ. 1,476 ಮೀಟರ್ ಎತ್ತರದ ಬೆಟ್ಟ, ಆದರೆ ಚೂಪು ಶಿಖರ ಇಲ್ಲ. ಅಂಚು ಕಡಲಿನಿಂದ ನಿಧಾನವಾಗಿ ಏರುತ್ತದೆ, ಮೇಲೆ ಕಡಿದಾಗುತ್ತದೆ, ನೆತ್ತಿಯಲ್ಲಿ ಚಪ್ಪಟೆಯಾಗುತ್ತದೆ. ಆ ನೆತ್ತಿಯೊಳಗೆ ಕಾಲ್ಡೇರಾ ಎಂಬ ದೊಡ್ಡ ಹೊಂಡವಿದೆ. 1968ರ ಜೂನ್‌ನಲ್ಲಿ ಆ ಹೊಂಡದ ತಳ ಸುಮಾರು 350 ಮೀಟರ್‌ನಷ್ಟು ಕುಸಿದು ಹೋಗಿತ್ತು. ಅಂದು ಬೆಳಿಗ್ಗೆ ನಮಗೆ ಕಂಡದ್ದು ನೆತ್ತಿಯ ಮೇಲೆ ಪಶ್ಚಿಮಕ್ಕೆ ಬಾಗಿದ್ದ ಬೂದು ಹೊಗೆ ಮಾತ್ರ. ಬೆಂಕಿ ಬೆಟ್ಟದ ಆಚೆ ಮಗ್ಗುಲಲ್ಲಿತ್ತು. ಮಾಮಾ ದುರ್ಬೀನು ಇಳಿಸಲೇ ಇಲ್ಲ. ಅವರ ಕಾಫಿ ಆರಿಹೋಯಿತು.

ದಡಕ್ಕೆ ಇಳಿಯುವುದಕ್ಕೂ ಒಂದು ಕ್ರಮವಿದೆ. ಮೆಟ್ಟಿಲ ಬಳಿಯ ಹಲಗೆಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರಿನ ಬಿಲ್ಲೆ ಇರುತ್ತದೆ. ಹಡಗು ಬಿಡುವಾಗ ಅದನ್ನು ತಿರುಗಿಸಬೇಕು, ಮರಳಿದಾಗ ಮತ್ತೆ ತಿರುಗಿಸಬೇಕು. ಯಾರೂ ದ್ವೀಪದಲ್ಲಿ ಉಳಿದುಬಿಡಬಾರದು ಎಂಬುದಕ್ಕೆ ಈ ವ್ಯವಸ್ಥೆ. ಬೂಟಿನ ಅಡಿ ತೊಳೆದುಕೊಂಡು, ಜೀವರಕ್ಷಕ ಅಂಗಿ ತೊಟ್ಟು, ಪಂಗಾ ಎಂದು ಅವರು ಕರೆಯುವ ರಬ್ಬರ್ ದೋಣಿಗೆ ಇಳಿಯಬೇಕು. ದೋಣಿಯವನು ಬೆರಳು ಹಿಡಿಯಲು ಬಿಡುವುದಿಲ್ಲ. ಅವನ ಮುಂಗೈಯನ್ನು ನಾವು, ನಮ್ಮ ಮುಂಗೈಯನ್ನು ಅವನು ಹಿಡಿಯಬೇಕು. ಅಲೆ ಎತ್ತಿ ಕುಕ್ಕಿದರೂ ಆ ಹಿಡಿತ ಜಾರುವುದಿಲ್ಲ. ಮಂಡಿನೋವಿನ ಅಕ್ಕ ಕೂಡ ಸಲೀಸಾಗಿ ಇಳಿದಳು.

ಮ್ಯಾಂಗ್ರೋವ್ ಗಿಡಗಳ ನಡುವಿನ ಕಪ್ಪು ಬಂಡೆಯ ಮೇಲೆ ಮೊದಲ ಹೆಜ್ಜೆ ಇಟ್ಟೆವು. ಎಲ್ಲಿಗೆ ಕಾಲಿಡುವುದು ಎಂದು ಮೊದಲು ನೋಡಿಕೊಳ್ಳಬೇಕು, ಏಕೆಂದರೆ ಬಂಡೆ ಎಂದುಕೊಂಡಿದ್ದರಲ್ಲಿ ಅರ್ಧ ಬಂಡೆಯಲ್ಲ, ಕಡಲ ಇಗ್ವಾನಾಗಳು. ನಮ್ಮ ಕಡೆಯ ಉಡದ ಗಾತ್ರದ, ಬೆನ್ನುದ್ದಕ್ಕೂ ಮುಳ್ಳಿನ ಸಾಲಿರುವ, ಮೊಂಡು ಮೂತಿಯ ಕಪ್ಪು ಹಲ್ಲಿಗಳು. ನೂರಾರು ಒಂದರ ಮೇಲೊಂದು ಕಾಲು ಚಾಚಿ, ಎಲ್ಲವೂ ಸೂರ್ಯನ ಕಡೆಗೆ ಮೈಯೊಡ್ಡಿ ಮಲಗಿದ್ದವು. ಲೋಕದಲ್ಲಿ ಕಡಲಿಗಿಳಿದು ಮೇಯುವ ಹಲ್ಲಿ ಇದೊಂದೇ. ತಣ್ಣೀರಿನಲ್ಲಿ ಮುಳುಗಿ ಪಾಚಿ ಕೆರೆದು ತಿನ್ನುವಾಗ ಮೈಯ ಬಿಸಿ ಇಳಿದುಹೋಗುತ್ತದೆ. ಮೇಲೆ ಬಂದು ಕಪ್ಪು ಕಲ್ಲಿನ ಮೇಲೆ ಕಪ್ಪು ಮೈ ಹರಡಿ ಬಿಸಿಲು ಹೀರಿಕೊಂಡರೆ ಮಾತ್ರ ತಿಂದದ್ದು ಜೀರ್ಣವಾಗುತ್ತದೆ. ಪಾಚಿಯ ಜೊತೆ ನುಂಗಿದ ಉಪ್ಪನ್ನು ಮೂಗಿನ ಗ್ರಂಥಿಗಳು ಸೋಸುತ್ತವೆ. ಆಗಾಗ ಫುಸ್ ಎಂದು ಸೀನಿ ಅದನ್ನು ಹೊರಗೆ ಚಿಮ್ಮಿಸುತ್ತವೆ. ಆ ಉಪ್ಪು ಪಕ್ಕದವುಗಳ ತಲೆಯ ಮೇಲೆ ಬಿದ್ದು ಬೆಳ್ಳಗೆ ಒಣಗಿರುತ್ತದೆ. ಸುತ್ತಲೂ ಸೀನುವ ಸದ್ದು, ಅಲೆಯ ಸದ್ದು.

ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕೆಂಬುದು ನಿಯಮ. ನಾವು ಅದನ್ನು ಪಾಲಿಸಿದೆವು. ಪ್ರಾಣಿಗಳು ಪಾಲಿಸಲಿಲ್ಲ. ಒಂದು ಕಡಲಸಿಂಹದ ಮರಿ ತೆವಳುತ್ತಾ ಬಂದು ಅಕ್ಕನ ಬೂಟು ಮೂಸಿತು. ಮುಟ್ಟಬಾರದು, ಮುಟ್ಟಿದರೆ ತಾಯಿ ತನ್ನ ಮರಿಯ ವಾಸನೆ ಗುರುತಿಸದೆ ಹೋದೀತು ಎಂದು ಗೈಡ್ ಮೊದಲೇ ಹೇಳಿದ್ದರು. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಉಸಿರು ಬಿಗಿಹಿಡಿದು ನಿಂತಳು. "ಇದಕ್ಕೆ ಯಾರೂ ಒಮ್ಮೆಯೂ ಹೊಡೆದಿಲ್ಲ ತಂಗಿ, ಅದು ಇದರ ಕಣ್ಣಲ್ಲೇ ಕಾಣುತ್ತದೆ" ಎಂದಳು. ಕಾಡುಪ್ರಾಣಿ ಎಂದರೆ ಮನುಷ್ಯನನ್ನು ಕಂಡು ಓಡುವುದು ಎಂದೇ ತಿಳಿದು ಬೆಳೆದವರಿಗೆ ಇದು ಸುಲಭವಾಗಿ ಅರಗುವ ಅನುಭವವಲ್ಲ. ನನಗಂತೂ ಗಂಟಲು ತುಂಬಿ ಬಂತು.

ಫರ್ನಾಂಡಿನಾದ ಹೆಚ್ಚುಗಾರಿಕೆ ಇರುವುದು ಅಲ್ಲಿ ಇಲ್ಲದ್ದರಲ್ಲಿ. ಹಡಗುಗಳ ಜೊತೆ ಬಂದ ಇಲಿ, ಬೆಕ್ಕು, ಆಡು, ಹಂದಿ ಉಳಿದ ಅನೇಕ ದ್ವೀಪಗಳನ್ನು ಹಾಳುಗೆಡವಿದವು. ಪಕ್ಕದ ಇಸಬೆಲಾದ ಉತ್ತರ ಭಾಗದಲ್ಲಿ ಆಡುಗಳು ಆಮೆಗಳ ಮೇವನ್ನೆಲ್ಲ ಬೋಳಿಸಿದ್ದವು. ಅವುಗಳನ್ನು ಪೂರ್ತಿ ತೆಗೆಯಲು 1997ರಿಂದ 2006ರವರೆಗೆ ದೊಡ್ಡ ಕಾರ್ಯಾಚರಣೆಯೇ ನಡೆಯಿತು. ಕೆಲವೇ ಕಿಲೋಮೀಟರ್ ಆಚೆಯ ಫರ್ನಾಂಡಿನಾಕ್ಕೆ ಹೊರಗಿನ ಒಂದು ಸಸ್ತನಿಯೂ ಬಂದು ನೆಲೆಸಿಲ್ಲ. ನಮ್ಮ ಬೂಟಿನ ಅಡಿ ತೊಳೆಸಿದ್ದು, ಹಿಂಡಿಯ ಡಬ್ಬಿ ಬಿಡಿಸಿದ್ದು ಇದಕ್ಕೇ. ಇದೇ ದ್ವೀಪದಲ್ಲಿ 2019ರ ಫೆಬ್ರುವರಿಯಲ್ಲಿ ಒಂದು ಹೆಣ್ಣು ದೈತ್ಯ ಆಮೆ ಸಿಕ್ಕಿತು. 1906ರಲ್ಲಿ ಒಂದೇ ಒಂದು ಗಂಡು ಕಂಡ ಮೇಲೆ ನಾಶವಾಯಿತೆಂದು ಭಾವಿಸಿದ್ದ ಜಾತಿಯದು. ವಂಶವಾಹಿ ಪರೀಕ್ಷೆ ಮಾಡಿದ ವಿಜ್ಞಾನಿಗಳು ಎರಡೂ ಒಂದೇ ಜಾತಿ ಎಂದು 2022ರಲ್ಲಿ ಖಚಿತಪಡಿಸಿದರು. ಫರ್ನಾಂಡಾ ಎಂದು ಹೆಸರಿಟ್ಟು ಸಾಂತಾಕ್ರೂಸ್ ದ್ವೀಪದಲ್ಲಿ ಸಾಕುತ್ತಿದ್ದಾರೆ. ಅವಳಿಗೊಬ್ಬ ಜೊತೆಗಾರನನ್ನು ಹುಡುಕುವ ಕೆಲಸ ನಡೆದಿದೆ ಎಂದು ಗೈಡ್ ಬೆಟ್ಟದ ಕಡೆ ನೋಡುತ್ತಾ ಹೇಳಿದರು.

ಕಪ್ಪು-ಬಿಳಿ ಬಣ್ಣದ ಪುಟ್ಟ ಗೂಟಗಳು ಕಾಲುದಾರಿಯನ್ನು ಗುರುತಿಸುತ್ತವೆ. ಅದನ್ನು ದಾಟುವಂತಿಲ್ಲ. ದಾರಿಯ ಒಂದು ಕಡೆ ನುಣುಪಾದ ಲಾವಾ. ಹರಿಯುತ್ತಲೇ ಮೇಲ್ಪದರ ಗಟ್ಟಿಯಾಗಿ, ಒಳಗಿನ ರಸದ ಎಳೆತಕ್ಕೆ ಮಡಿಕೆ ಮಡಿಕೆಯಾಗಿ, ಕಣದಲ್ಲಿ ಸುತ್ತಿಟ್ಟ ಹಗ್ಗದಂತೆ ಸುರುಳಿಗೊಂಡಿದೆ. ಇನ್ನೊಂದು ಕಡೆ ಒರಟು ಲಾವಾ, ಮುರಿದ ಚೂರುಗಳ ರಾಶಿ, ಬೂಟನ್ನೂ ಕೊಯ್ಯುವಷ್ಟು ಹರಿತ. ಎರಡೂ ಒಂದೇ ರಸ. ಒಂದು ಬಿಸಿಯಾಗಿ, ತೆಳ್ಳಗೆ ಹರಿದದ್ದು. ಇನ್ನೊಂದು ತಣಿದು ಮಂದವಾದರೂ ಹಿಂದಿನ ಒತ್ತಡಕ್ಕೆ ನೂಕಿಸಿಕೊಂಡು ಬಂದದ್ದು. ನಾನು ಕೂತು ಅಂಗೈಯನ್ನು ನುಣುಪು ಕಲ್ಲಿನ ಮೇಲೆ ಇಟ್ಟೆ. ಇನ್ನೂ ಮಣ್ಣಾಗದ, ಒಂದು ಹುಲ್ಲೆಸಳಿಗೂ ಹಿಡಿ ಕೊಡದ ಕಲ್ಲು. ಅಲ್ಲಲ್ಲಿ ಬಿರುಕಿನಲ್ಲಿ ಗೇಣುದ್ದದ ಲಾವಾ ಕಳ್ಳಿಗಳು ಗುಂಪಾಗಿ ನಿಂತಿದ್ದವು. ಎಳೆಯ ತುದಿ ಹಳದಿ, ಬಲಿತದ್ದು ಕಂದು. ಹೊಸ ಲಾವಾದ ಮೇಲೆ ಮೊದಲು ಬೇರುಬಿಡುವ ಸಸ್ಯಗಳಲ್ಲಿ ಇದೂ ಒಂದು. ನಮ್ಮ ಎರೆಹೊಲಗಳೂ ಒಮ್ಮೆ ಹೀಗೇ ಇದ್ದವು ಎಂದು ಯೋಚಿಸಿದಾಗ ಮೈ ನಡುಗಿತು. ಈ ಕಲ್ಲಿನಿಂದ ಜೋಳದ ತೆನೆಯವರೆಗೆ ಎಷ್ಟು ಮಳೆ, ಎಷ್ಟು ಬಿಸಿಲು ಬೇಕಾಗಿರಬೇಕು!

ತುದಿಯ ಬಂಡೆಗಳ ಮೇಲೆ ಹಾರಲಾರದ ನೀರುಕಾಗೆಗಳ ಗೂಡುಗಳಿದ್ದವು. ಈ ಹಕ್ಕಿ ಭೂಮಿಯ ಮೇಲೆ ಇರುವುದು ಫರ್ನಾಂಡಿನಾದಲ್ಲಿ ಮತ್ತು ಇಸಬೆಲಾದ ಪಶ್ಚಿಮ, ಉತ್ತರ ತೀರಗಳಲ್ಲಿ ಮಾತ್ರ. ನೆಲದ ಮೇಲೆ ಬೆನ್ನಟ್ಟುವ ಬೇಟೆಗಾರರಿಲ್ಲದ ಜಾಗದಲ್ಲಿ, ದಡದ ಪಕ್ಕದಲ್ಲೇ ಮೀನು ಸಿಗುವಾಗ, ರೆಕ್ಕೆಗೆ ಕೆಲಸವಿಲ್ಲದೆ ಕಿರಿದಾಗುತ್ತಾ ಬಂತು. ಹಾರಬೇಕಾದರೆ ಬೇಕಾಗುವ ರೆಕ್ಕೆಯ ಮೂರನೆಯ ಒಂದು ಭಾಗದಷ್ಟೇ ಈಗ ಉಳಿದಿದೆ. ಬದಲಿಗೆ ಕಾಲು ಬಲಿತಿದೆ, ಮೈ ತೂಕ ಹೆಚ್ಚಿದೆ. ನೀರಿನಿಂದ ಹತ್ತಿ ಬಂದ ಒಂದು ಗಂಡು ಆ ಹರಕು ರೆಕ್ಕೆಗಳನ್ನು ಬಿಡಿಸಿ ಒಣಗಿಸಿಕೊಂಡಿತು. ಆಮೇಲೆ ಕೊಕ್ಕಿನಲ್ಲಿ ಹಿಡಿದು ತಂದಿದ್ದ ಕಡಲಪಾಚಿಯ ಎಸಳನ್ನು ಗೂಡಿನಲ್ಲಿ ಕೂತ ಹೆಣ್ಣಿನ ಮುಂದೆ ಇಟ್ಟಿತು. ಹೆಣ್ಣು ಅದನ್ನು ಎತ್ತಿ ಅತ್ತಿತ್ತ ತಿರುಗಿಸಿ, ಗೂಡಿನ ಅಂಚಿಗೆ ಸಿಕ್ಕಿಸಿ, ಗಂಡಿನ ಕಡೆ ನೋಡಿತು. ಅದರ ಕಣ್ಣು ವೈಡೂರ್ಯದ ನೀಲಿ. "ದಿನಾ ಬರುವಾಗ ಏನಾದರೂ ತರಬೇಕಂತೆ, ಕೇಳಿಸಿಕೊಂಡಿರಾ?" ಎಂದು ಅಕ್ಕ ಮಾಮಾನವರಿಗೆ ಹೇಳಿದಳು.

ಗೈಡ್ ಮಾತ್ರ ಗೂಡುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಹತ್ತಿರ ಹೋದಾಗ ಒಂದು ಇಗ್ವಾನಾದ ಸೊಂಟ ತೋರಿಸಿದರು. ಚರ್ಮದ ಕೆಳಗೆ ಮೂಳೆ ಎದ್ದು ಕಾಣುತ್ತಿತ್ತು. ಅದರ ಪಕ್ಕದ್ದೂ ಹಾಗೇ. ಹಿಂದಿನ ಸಂಜೆಯ ಮಾತನ್ನು ಅವರು ಬಿಡಿಸಿ ಹೇಳಿದ್ದು ಆಗ.

ಸಮಭಾಜಕದ ಉದ್ದಕ್ಕೂ, ಕಡಲ ಮೇಲ್ಪದರದ ಅಡಿಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದು ತಣ್ಣನೆಯ ಪ್ರವಾಹ ಹರಿಯುತ್ತದೆ. ಅದನ್ನು 1952ರಲ್ಲಿ ಗುರುತಿಸಿದ ಟೌನ್‌ಸೆಂಡ್ ಕ್ರಾಮ್‌ವೆಲ್ ಎಂಬ ಸಾಗರವಿಜ್ಞಾನಿಯ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಸಾವಿರಾರು ಕಿಲೋಮೀಟರ್ ತಡೆಯಿಲ್ಲದೆ ಬಂದ ಈ ನೀರು ಫರ್ನಾಂಡಿನಾ ಮತ್ತು ಇಸಬೆಲಾಗಳ ಬುಡಕ್ಕೆ ಬಡಿದು ಮೇಲಕ್ಕೇರುತ್ತದೆ. ಆಳದ ಪೋಷಕಾಂಶಗಳನ್ನೆಲ್ಲ ಹೊತ್ತು ತರುತ್ತದೆ. ಅದರಿಂದ ಪಾಚಿ, ಪಾಚಿಯಿಂದ ಇಗ್ವಾನಾ. ಅದರಿಂದಲೇ ಸೂಕ್ಷ್ಮಜೀವಿ, ಅವುಗಳಿಂದ ಮೀನು, ಮೀನಿನಿಂದ ನೀರುಕಾಗೆ, ಪೆಂಗ್ವಿನ್, ಕಡಲಸಿಂಹ. ಅಂದರೆ ಜ್ವಾಲಾಮುಖಿ ಕಡಲಿನ ತಳದಿಂದ ಗೋಡೆ ಕಟ್ಟಿರದಿದ್ದರೆ ಈ ಪ್ರಾಣಿಗಳಿಗೆ ಇಲ್ಲಿ ಊಟವೇ ಇರುತ್ತಿರಲಿಲ್ಲ. ಬೆಟ್ಟವೆಂದರೆ ಕೊಲ್ಲುವ ಶಕ್ತಿ ಎಂದುಕೊಂಡು ನಾನು ಬಂದಿದ್ದೆ. ಇಲ್ಲಿ ಅದು ಉಣಿಸುವ ಶಕ್ತಿಯೂ ಹೌದು.

ಕೆಲವು ವರ್ಷಗಳಿಗೊಮ್ಮೆ ಶಾಂತ ಸಾಗರದ ಮೇಲ್ಪದರ ಬಿಸಿಯಾಗುತ್ತದೆ, ಅದಕ್ಕೆ ಎಲ್ ನಿನೊ ಎನ್ನುತ್ತಾರೆ. ಅದು ಬಂದ ವರ್ಷ ಈ ಏರುವಿಕೆ ಕುಂದುತ್ತದೆ. ಮೇಲೆ ಬಿಸಿನೀರು ದಪ್ಪಗೆ ಹರಡಿಕೊಳ್ಳುತ್ತದೆ. ಇಗ್ವಾನಾಗಳಿಗೆ ಹಿತವಾದ ಹಸಿರು, ಕೆಂಪು ಪಾಚಿ ಹೋಗಿ ಜೀರ್ಣವಾಗದ ಕಂದು ಪಾಚಿ ಬೆಳೆಯುತ್ತದೆ. ಹೊಟ್ಟೆ ತುಂಬಿದ್ದರೂ ಅವು ಸೊರಗುತ್ತವೆ. ಕೆಲವು ಇಗ್ವಾನಾಗಳು ಮೈಯುದ್ದವನ್ನೇ ಐದನೆಯ ಒಂದು ಭಾಗದವರೆಗೆ ಕುಗ್ಗಿಸಿಕೊಂಡು, ಮೂಳೆಯನ್ನೂ ಕಿರಿದು ಮಾಡಿಕೊಂಡು ಬದುಕಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಎಲ್ಲಕ್ಕೂ ಆ ಉಪಾಯ ಸಾಧ್ಯವಿಲ್ಲ. 1982–83ರ ಎಲ್ ನಿನೊದಲ್ಲಿ ಗಲಪಗೋಸ್ ಪೆಂಗ್ವಿನ್‌ಗಳ ಸಂಖ್ಯೆ ಶೇಕಡಾ 77ರಷ್ಟು ಇಳಿಯಿತು. 1997–98ರಲ್ಲಿ ಮತ್ತೆ ಶೇಕಡಾ 65ರಷ್ಟು. ನಾವು ಹೋದಾಗ ನಡೆಯುತ್ತಿದ್ದದ್ದು 2023ರ ನಡುವಿನಲ್ಲಿ ಶುರುವಾದ ಎಲ್ ನಿನೊ. "ಲಾವಾ ಬಂದರೆ ಎಲ್ಲರೂ ಕ್ಯಾಮೆರಾ ಹಿಡಿದು ಓಡಿಬರುತ್ತಾರೆ. ನೀರು ಮೂರು ಡಿಗ್ರಿ ಏರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದರು ಗೈಡ್. ಕೋಪದಿಂದ ಹೇಳಲಿಲ್ಲ. ದಣಿದವರಂತೆ ಹೇಳಿದರು.

ಹತ್ತೂವರೆಗೆ ಹಡಗಿಗೆ ಮರಳಿ, ಉಸಿರುಕೊಳವೆ ಮತ್ತು ಕನ್ನಡಕ ಹಾಕಿಕೊಂಡು ನೀರಿಗೆ ಇಳಿದೆವು. ಅಕ್ಕ ದೋಣಿಯಲ್ಲೇ ಉಳಿದಳು. ಗೈಡ್ ಮಣಿಕಟ್ಟಿನ ಯಂತ್ರ ತೋರಿಸಿದರು, 26 ಡಿಗ್ರಿ. ತಂಪುಗಾಲದಲ್ಲಿ ಇದೇ ಜಾಗದಲ್ಲಿ 20ಕ್ಕಿಂತ ಕೆಳಗಿರುತ್ತದೆ. ನನ್ನ ಮೈಗೆ ಹಿತವಾಗಿತ್ತು. ಆ ಹಿತವೇ ಕೆಟ್ಟ ಸುದ್ದಿ ಎಂದು ಗೊತ್ತಾದ ಮೇಲೆ ಅದರಲ್ಲಿ ಸಂತೋಷಪಡುವುದು ಆಗಲಿಲ್ಲ. ಒಂದು ಕಡಲಾಮೆ ನನ್ನ ಪಕ್ಕದಲ್ಲೇ ಬಂಡೆಗೆ ಬಾಯಿಟ್ಟು ಪಾಚಿ ಕೀಳುತ್ತಿತ್ತು. ಅಲೆ ಅದನ್ನು ಹಿಂದಕ್ಕೆ ಒಯ್ಯುವುದು, ಅದು ಮತ್ತೆ ಬಂದು ಅದೇ ಜಾಗಕ್ಕೆ ಬಾಯಿ ಹಾಕುವುದು. ಇನ್ನೂ ಕೆಳಗೆ ಒಂದು ದೊಡ್ಡ ಗಂಡು ಇಗ್ವಾನಾ ಉಗುರುಗಳಿಂದ ಕಲ್ಲನ್ನು ತಬ್ಬಿಹಿಡಿದು ಮೇಯುತ್ತಿತ್ತು. ದಡದಲ್ಲಿ ಎಡವುತ್ತಾ ನಡೆದ ನೀರುಕಾಗೆಯನ್ನು ನೀರೊಳಗೆ ನೋಡಬೇಕು! ರೆಕ್ಕೆ ಮೈಗೊತ್ತಿ, ಕಾಲಿನ ಎರಡೇ ಒದೆತಕ್ಕೆ ಬಂಡೆಯ ಸಂದಿ ಹೊಕ್ಕು ಮೀನು ಕಚ್ಚಿ ಹೊರಬಂತು.

ಊಟದ ಹೊತ್ತಿಗೆ ಹಡಗು ಬೊಲಿವಾರ್ ಜಲಸಂಧಿ ದಾಟುತ್ತಿತ್ತು. ಡಾಲ್ಫಿನ್‌ಗಳು ಮುಂಭಾಗದ ಅಲೆಯಲ್ಲಿ ಜೊತೆಗೂಡಿದವು. ಊಟ ಅರ್ಧಕ್ಕೆ ಬಿಟ್ಟು ಎಲ್ಲರೂ ಓಡಿದೆವು. ಜಲಸಂಧಿಯ ಆಚೆ ದಡವೇ ಇಸಬೆಲಾ. 4,588 ಚದರ ಕಿ.ಮೀ. ವಿಸ್ತಾರ, ಗಲಪಗೋಸ್‌ನಲ್ಲೇ ದೊಡ್ಡದು. ವುಲ್ಫ್, ಈಕ್ವೆಡಾರ್, ಡಾರ್ವಿನ್, ಅಲ್ಸೆಡೊ, ಸಿಯೆರ್ರಾ ನೆಗ್ರಾ, ಸೆರ್ರೊ ಅಸುಲ್ ಎಂಬ ಆರು ಜ್ವಾಲಾಮುಖಿಗಳ ಲಾವಾ ಕೂಡಿಕೊಂಡು ಆದ ದ್ವೀಪ.

ಮಧ್ಯಾಹ್ನ ಇಳಿದದ್ದು ಅಲ್ಲಿನ ಟಾಗಸ್ ಕೊಲ್ಲಿಯಲ್ಲಿ. ಗೋಡೆಯ ಹಾಗೆ ನಿಂತ ಬಂಡೆಗಳ ಮೇಲೆ ಹಳೆಯ ಹಡಗುಗಳ ಹೆಸರುಗಳಿವೆ, 1836ರಿಂದ ಹಿಡಿದು. ತಿಮಿಂಗಿಲ ಬೇಟೆಗಾರರು, ಕಡಲುಗಳ್ಳರು, ಆಮೇಲೆ ವಿಹಾರಕ್ಕೆ ಬಂದವರು ಕೆತ್ತಿದ್ದು, ಬಣ್ಣ ಬಳಿದದ್ದು. ಈಗ ಯಾರೂ ಬರೆಯುವಂತಿಲ್ಲ. ಅದು ಒಳ್ಳೆಯದೇ. ಡಾರ್ವಿನ್ ಬೀಗಲ್ ಹಡಗಿನಲ್ಲಿ ಈ ದ್ವೀಪಗಳಿಗೆ ಬಂದದ್ದು 1835ರ ಸೆಪ್ಟೆಂಬರ್‌ನಲ್ಲಿ. ಈ ತೀರದಲ್ಲಿ ಬಾಯಾರಿ ಬಳಲಿ, ಒಂದು ಜ್ವಾಲಾಮುಖಿ ಕುಳಿಯ ಕೆರೆ ಕಂಡು ಬೂದಿಯ ಇಳಿಜಾರಿನಲ್ಲಿ ಅವಸರದಿಂದ ಇಳಿದು ನೀರು ಬಾಯಿಗಿಟ್ಟರೆ ಅದು ಬರೀ ಉಪ್ಪು. ನಾವು ಮರದ ಮೆಟ್ಟಿಲು ಹತ್ತಿ, ಬಿಳಿ ಕೊಂಬೆಗಳ ಪಾಲೊ ಸಾಂತೊ ಮರಗಳ ನಡುವೆ ಏರಿದಾಗ ಕಂಡದ್ದು ಅಂಥದೇ ಒಂದು ಕುಳಿಯ ಕೆರೆ. ಡಾರ್ವಿನ್ ಕೆರೆ ಎಂದೇ ಹೆಸರು. ಒಂದು ಕಡೆ ಆ ಹಸಿರು ನೀರು, ಇನ್ನೊಂದು ಕಡೆ ಕೆಳಗೆ ಕೊಲ್ಲಿ. ಮಳೆಗಾಲವಾದ್ದರಿಂದ ಮರಗಳಲ್ಲಿ ಎಲೆ ಚಿಗುರಿತ್ತು. ಬಿಸಿಲು ಸುಡುತ್ತಿತ್ತು. ಅಕ್ಕ ಅರ್ಧದಾರಿಯಲ್ಲಿ ನೆರಳು ಹುಡುಕಿ ಕೂತಳು. ಮಾಮಾ ಅವಳ ಜೊತೆ ನಿಂತರು.

ಸಂಜೆ ಬಂಡೆಯ ಅಂಚಿಗೆ ಪಂಗಾದಲ್ಲಿ ಸುತ್ತುವಾಗ ಪೆಂಗ್ವಿನ್‌ಗಳು ಸಿಕ್ಕವು. ಸಮಭಾಜಕದ ಮೇಲೆ ಪೆಂಗ್ವಿನ್! ಮೊಣಕಾಲೆತ್ತರವೂ ಇಲ್ಲದ ಪುಟ್ಟ ಹಕ್ಕಿಗಳು. ಮುಂದಕ್ಕೆ ಬಾಗಿ, ರೆಕ್ಕೆ ಚಾಚಿ, ಬಾಯಿ ತೆರೆದು ಏದುತ್ತಿದ್ದವು. ರೆಕ್ಕೆಯ ನೆರಳು ಪಾದಕ್ಕೆ ಬೀಳುವಂತೆ ಬಾಗುತ್ತವಂತೆ, ಪಾದ ಸುಡಬಾರದು ಎಂದು. ನಾವು ನೋಡಿದ್ದು ಕೆಲವನ್ನಷ್ಟೇ. ತಣ್ಣೀರಿನ ಕಾಲದಲ್ಲಿ ಇದೇ ಬಂಡೆಯ ಮೇಲೆ ಇನ್ನೂ ಹೆಚ್ಚು ಕಾಣುತ್ತವೆ ಎಂದರು ಗೈಡ್. ಮೀನು ಕಡಿಮೆಯಾದ ವರ್ಷ ಪೆಂಗ್ವಿನ್‌ಗಳು ಮೊಟ್ಟೆಯನ್ನೇ ಇಡುವುದಿಲ್ಲ, ಇಟ್ಟರೂ ಬಿಟ್ಟು ಹೋಗುತ್ತವೆ. ಮರಿಗಿಂತ ತಾನು ಬದುಕುಳಿಯುವುದು ಮೊದಲು. ಮುಂದಿನ ವರ್ಷ ನೀರು ತಣಿದರೆ ಮತ್ತೆ ಪ್ರಯತ್ನಿಸಬಹುದಲ್ಲ.

ಕತ್ತಲಾದ ಮೇಲೆ ಹಡಗು ಜಲಸಂಧಿಯಲ್ಲಿ ದಕ್ಷಿಣಕ್ಕೆ ಸರಿಯಿತು. ಕಪ್ತಾನರು ಹತ್ತಿರ ಹೋಗಲು ಒಪ್ಪಲಿಲ್ಲ. ಅವರ ಎಚ್ಚರಿಕೆಗೆ ಕಾರಣವಿದೆ. 1825ರ ಫೆಬ್ರುವರಿಯಲ್ಲಿ ಬೆಂಜಮಿನ್ ಮಾರೆಲ್ ಎಂಬ ಅಮೆರಿಕದ ಕಪ್ತಾನನ ಟಾರ್ಟರ್ ಎಂಬ ಹಾಯಿಹಡಗು ಇಸಬೆಲಾದ ಈ ತೀರದಲ್ಲಿ ಲಂಗರು ಹಾಕಿದ್ದಾಗ ಫರ್ನಾಂಡಿನಾ ಸಿಡಿಯಿತು. ಗಾಳಿ ನಿಂತುಹೋಗಿ ಹಡಗು ಅಲುಗಾಡಲಿಲ್ಲ. ಹಲಗೆಗಳ ಸಂದಿಗೆ ಮೆತ್ತಿದ್ದ ರಾಳ ಬಿಸಿಗೆ ಕರಗಿ ಇಳಿಯತೊಡಗಿತು. ಕೊನೆಗೆ ಗಾಳಿ ಬಂದು ಇದೇ ಜಲಸಂಧಿಯ ಮೂಲಕ ಅವರು ಪಾರಾದರು. ನಮ್ಮ ಎಂಜಿನ್ ಹಡಗಿಗೆ ಆ ಭಯವಿಲ್ಲ. ಆದರೂ ದೂರವೇ ನಿಂತು, ಮೇಲ್ಚಾವಣಿಯ ದೀಪಗಳನ್ನೆಲ್ಲ ಆರಿಸಿದರು.

ಬೆಟ್ಟದ ಮೇಲಿನ ಮಗ್ಗುಲಲ್ಲಿ ಒಂದು ಕೆಂಪು ಗೆರೆ. ಅಲ್ಲಿಂದ ಕೆಳಗೆ ಕವಲೊಡೆದ ಇನ್ನೂ ಕೆಲವು. ಅದರ ಬೆಳಕು ಮೇಲಿನ ಹೊಗೆಗೆ ತಗಲಿ ಆಕಾಶದ ಒಂದು ಭಾಗವೇ ಕಿತ್ತಳೆಯಾಗಿತ್ತು. ಸದ್ದಿಲ್ಲ. ಗಾಳಿ ಪಶ್ಚಿಮಕ್ಕೆ ಬೀಸುತ್ತಿದ್ದುದರಿಂದ ಗಂಧಕದ ವಾಸನೆಯೂ ಇಲ್ಲ. ಸಿನಿಮಾಗಳಲ್ಲಿ ತೋರಿಸುವ ಸ್ಫೋಟ ಇದಲ್ಲ. ಸಿಲಿಕಾ ಕಡಿಮೆ ಇರುವ ಬಸಾಲ್ಟ್ ರಸ ತೆಳ್ಳಗಿರುತ್ತದೆ, ಅನಿಲ ಸುಲಭವಾಗಿ ಹೊರಹೋಗುತ್ತದೆ, ಆದ್ದರಿಂದ ಅದು ಸಿಡಿಯುವುದಕ್ಕಿಂತ ಹೆಚ್ಚಾಗಿ ಹರಿಯುತ್ತದೆ. ದಖ್ಖನಿನಲ್ಲೂ ಹೀಗೇ ಬಿರುಕುಗಳಿಂದ ಹರಿಯಿತು ಎಂದು ನಾನು ವರ್ಷವೂ ಹೇಳುವ ವಾಕ್ಯ ಇದೇ. ದುರ್ಬೀನಿನಲ್ಲಿ ನೋಡಿದರೆ ಹರಿವಿನ ಮೂತಿಯಲ್ಲಿ ಕಪ್ಪು ಹೊಪ್ಪಳೆ ಒಡೆದು ಒಳಗಿನ ಕೆಂಡ ಇಣುಕುವುದು, ಚೂರುಗಳು ಉರುಳುವುದು, ಮತ್ತೆ ಕಪ್ಪಾಗುವುದು ಕಾಣುತ್ತಿತ್ತು. ದುರ್ಬೀನು ನನ್ನ ಕೈಯಲ್ಲೇ ಉಳಿಯಿತು, ಮಾಮಾ ಕೇಳಲಿಲ್ಲ. "ಬೇಕಾದಷ್ಟು ಹೊತ್ತು ನೋಡು, ಮಕ್ಕಳಿಗೆ ಹೇಳಬೇಕಲ್ಲ" ಎಂದರು.

ಈ ಬೆಂಕಿ ಯಾರನ್ನೂ ಕೊಲ್ಲುವುದಿಲ್ಲ ಎಂದು ನಾನು ಹೇಳಲಾರೆ. ಫರ್ನಾಂಡಿನಾದ ನೆಲದ ಇಗ್ವಾನಾಗಳು ಬೆಟ್ಟ ಹತ್ತಿ ನೆತ್ತಿಯ ಹೊಂಡದ ಸುತ್ತಮುತ್ತ, ಅದರೊಳಗೆ ಮೊಟ್ಟೆಯಿಡುತ್ತವೆ. ಲಾವಾದ ದಾರಿಯಲ್ಲಿ ಸಿಕ್ಕ ಗಿಡಮರ, ಹಾವು, ಹಲ್ಲಿ ಸುಟ್ಟುಹೋಗುತ್ತವೆ. ಅಕ್ಕ ಅದನ್ನೇ ಗೈಡ್‌ರನ್ನು ಕೇಳಿದಳು, ನಿಮಗೆ ನೋವಾಗುವುದಿಲ್ಲವೇ ಎಂದು. ಆಗುತ್ತದೆ ಎಂದರು ಅವರು. ಆದರೆ ಇಲ್ಲಿನ ಜೀವಿಗಳು ಈ ಬೆಟ್ಟದ ಜೊತೆಗೇ ಬೆಳೆದವು, ಇದು ಸುಡುತ್ತದೆ, ಆಮೇಲೆ ಬಿಡುವು ಕೊಡುತ್ತದೆ, ಆ ಬಿಡುವಿನಲ್ಲಿ ಅವು ಮತ್ತೆ ತುಂಬಿಕೊಳ್ಳುತ್ತವೆ. ಎಲ್ ನಿನೊ ಕೂಡ ಹಳೆಯದೇ, ಅದಕ್ಕೂ ಬಿಡುವಿತ್ತು. ಕಡಲು ಒಟ್ಟಾರೆಯಾಗಿ ಬಿಸಿಯಾಗುತ್ತಾ ಹೋದರೆ ಆ ಬಿಡುವು ಸಿಗುವುದೋ ಇಲ್ಲವೋ ಎಂಬುದೇ ತಮ್ಮ ಅಂಜಿಕೆ ಎಂದರು. ಆ ರಾತ್ರಿ ನನಗೆ ಕೆಂಪು ಗೆರೆಯಷ್ಟೇ ಸ್ಪಷ್ಟವಾಗಿ ನೆನಪಿರುವುದು ಅವರ ಪುಸ್ತಕದ ಆ ಪುಟ. ಗೂಡುಗಳ ಲೆಕ್ಕ, ಪೆಂಗ್ವಿನ್‌ಗಳ ಲೆಕ್ಕ, ನೀರಿನ ಉಷ್ಣತೆ.

ಲಾ ಕುಂಬ್ರೆ ಆ ವರ್ಷ ಮೇ ತಿಂಗಳಲ್ಲಿ ತಣಿಯಿತು. ಎಲ್ ನಿನೊ ಮುಗಿಯಿತೆಂದು ಅಮೆರಿಕದ ಹವಾಮಾನ ವಿಜ್ಞಾನಿಗಳು ಜೂನ್‌ನಲ್ಲಿ ಘೋಷಿಸಿದರು. ಶಾಲೆಯಲ್ಲಿ ದಖ್ಖನಿನ ಪಾಠ ಮುಗಿಸಿ, ಮಕ್ಕಳು ಕೇಳಿದ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿ ಗೈಡ್‌ರಿಗೆ ಕಳಿಸಿದ್ದೆ. ಲಾವಾದ ಬಗ್ಗೆ ಕೇಳಿದವರು ಹಲವರು. ಒಬ್ಬ ಹುಡುಗಿ ಮಾತ್ರ, ಆ ಸೊರಗಿದ ಇಗ್ವಾನಾಗಳು ಈಗ ಹೇಗಿವೆ ಎಂದು ಕೇಳಿದ್ದಳು. ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು. ಲಾವಾದ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸಿ, ಆ ಹುಡುಗಿಯ ಪ್ರಶ್ನೆಗೆ ಒಂದು ಪುಟ ಬರೆದಿದ್ದರು. ಪುಂತಾ ಎಸ್ಪಿನೋಸಾದಲ್ಲಿ ನೀರು 19 ಡಿಗ್ರಿಗೆ ಇಳಿದಿದೆ, ಬಂಡೆಗಳ ಮೇಲೆ ಹಸಿರು ಪಾಚಿ ಮರಳಿದೆ, ಇಗ್ವಾನಾಗಳು ಮೈ ತುಂಬಿಕೊಳ್ಳುತ್ತಿವೆ, ಟಾಗಸ್ ಕೊಲ್ಲಿಯ ಬಂಡೆಯ ಬಿರುಕಿನಲ್ಲಿ ಪೆಂಗ್ವಿನ್ ಮರಿಗಳನ್ನು ಕಂಡೆ ಎಂದು.